ಹಾಜಿಸಾಬ ಡಾಕ್ಟರರ ಚೀಟಿ

ಪಂಪಾಪತಿ ಮಾಸ್ತರರಿಗೆ ಒಂದು ಚಾಳಿ ಇತ್ತು. ಯಾರನ್ನು ಏನೇ ಕೇಳಿದರೂ ಉತ್ತರ ಇವರ ಬಾಯಿಂದಲೇ ಬರಬೇಕು. ಹೆಂಡತಿ ಯಮನೂರಮ್ಮನನ್ನು ಯಾರಾದರೂ ‘ಆರಾಮ ಇದ್ದೀರೇನ್ರಿ’ ಅಂದರೆ, ಆಕೆ ಬಾಯಿ ತೆರೆಯುವುದರೊಳಗೆ ‘ಆರಾಮ ಅದಾಳ್ರಿ’ ಅಂದುಬಿಡುವವರು. ಮಸ್ಕಿಯ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಪಿ.ಟಿ. ಮಾಸ್ತರಾಗಿ ಸೀಟಿ ಊದಿದ ಮನುಷ್ಯ. ಸುಮ್ಮನಿರು ಅಂದರೆ ಹೇಗಿದ್ದಾರು! ಅಂಥವರು ಆ ಸೋಮವಾರ ಸಿಂಧನೂರಿನ ದವಾಖಾನೆಯ ಬೆಂಚಿನ ಮೇಲೆ ತುಟಿ ಹೊಲಿದುಕೊಂಡವರಂತೆ ಕೂತಿದ್ದರು.

ಪಕ್ಕದಲ್ಲಿ ಮಗಳು ಅಂಬಿಕಾ. ವಯಸ್ಸು ಇಪ್ಪತ್ತೇಳು, ಲಿಂಗಸುಗೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ, ಒಬ್ಬಳೇ ಮಗಳು. ಕಣ್ಣಿನ ಕೆಳಗಿನಿಂದ ಗದ್ದದವರೆಗೆ ನೀಲಿ ಮಾಸ್ಕು. ಕೊರೊನಾ ಹೋಗಿ ಎಷ್ಟೋ ವರ್ಷವಾದರೂ ಈಕೆ ಎಂಟು ತಿಂಗಳಿನಿಂದ ಮಾಸ್ಕು ತೆಗೆದಿಲ್ಲ. ಮನೆಯಲ್ಲಿ ಊಟಕ್ಕೆ ಕೂತರೂ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾಳೆ. ಹೈದರಾಬಾದಿನಿಂದ ತಿಂಗಳಿಗೊಮ್ಮೆ ಇಲ್ಲಿಗೆ ಬರುವ ಕೀಲು-ಚರ್ಮದ ಡಾಕ್ಟರಮ್ಮನಿಗೆ ಫೋನು ಹಚ್ಚಿ ಹೆಸರು ಬರೆಸಿದ್ದು ಕಚೇರಿಯ ಗೆಳತಿ ಜ್ಯೋತಿ. ‘ಮತ್ತ ಇನ್ನೊಬ್ಬರ ಮುಂದ ಮಾರಿ ತೋರಿಸ್ಬೇಕೇನು, ಆದದ್ದು ಆತು’ ಅಂತ ಅಂಬಿಕಾ ಹಟ ಹಿಡಿದಿದ್ದಳು. ಮಾಸ್ತರರು ಕೈ ಹಿಡಿದು ಎಳೆದುಕೊಂಡೇ ಬರಬೇಕಾಯಿತು.

ಇಷ್ಟಕ್ಕೂ ಆದದ್ದೇನು ಅಂತ ಮೊದಲು ಹೇಳಿಬಿಡುತ್ತೇನೆ. ಪಂಪಾಪತಿ ಮಾಸ್ತರರ ಮನೆತನದ ಮೂಗೇ ಒಂದು ತೂಕ ಹೆಚ್ಚು. ನಡುವೆ ಒಂದು ದಿಬ್ಬ, ತುದಿಯಲ್ಲಿ ಒಂದು ಬಾಗು. ಗಂಡಸಿನ ಮುಖಕ್ಕೆ ಅದು ಗತ್ತು ಅನ್ನಿಸಿಕೊಂಡಿತು, ಹುಡುಗಿಗೆ ಗೋಳಾಯಿತು. ಅದು ಸಾಲದು ಅಂತ, ಅಂಬಿಕಾ ಎಂಟನೇ ತರಗತಿಗೆ ಬಂದಾಗ ಸಾಲಗುಂದದ ಸೋದರತ್ತೆ ಜೋಗಮ್ಮ ಬಂದು, ‘ಹೆಣ್ಣುಹುಡುಗಿ ಬರೀ ಮೂಗಿಲೆ ಇರಬಾರ್ದು’ ಅಂತ ಮೂಗು ಚುಚ್ಚಿಸಿದಳು. ಅಕ್ಕಿಕಾಳಿನಷ್ಟು ಮೂಗುತಿ. ವರ್ಷ ತುಂಬುವುದರಲ್ಲಿ ತೂತು ಇಳಿದು ಇಳಿದು ಹೊಳ್ಳೆಯೇ ಹರಿದು ಎರಡಾಯಿತು. ‘ಮೂಗಿಗಿಂತ ಮೂಗುತಿ ಭಾರ ಆತು’ ಅಂತ ಜೋಗಮ್ಮ ನಕ್ಕಳು. ಶಾಲೆಯಲ್ಲಿ ಹುಡುಗರು ನಕ್ಕರು. ಮಾಸ್ತರರೂ ‘ನನ್ನ ಗಿಣಿ’ ಅಂತ ಕರೆದು ನಕ್ಕರು. ಅದು ಮುದ್ದಿಗೆ ಅಂತ ಅವರ ಲೆಕ್ಕ.

ನೌಕರಿ ಸಿಕ್ಕ ಮೇಲೆ ಅಂಬಿಕಾ ಮೂರು ವರ್ಷ ಸಂಬಳ ಉಳಿಸಿದಳು. ಮದುವೆಗಲ್ಲ, ಗಂಡಿನವರು ನೋಡಲು ಬರುತ್ತಾರೆ ಅಂತಲೂ ಅಲ್ಲ. ‘ನನಗ ಬೇಕು, ನಾ ಮಾಡಿಸ್ಕೋತೀನಿ’ ಅಂದಳು ಅಷ್ಟೇ. ದಿಬ್ಬ ತಗ್ಗಿಸುವುದು, ಹರಿದ ಹೊಳ್ಳೆ ಕೂಡಿಸುವುದು, ತುದಿ ಎತ್ತುವುದು. ದೊಡ್ಡ ಊರಿನ, ಗಾಜಿನ ಬಾಗಿಲಿನ ದವಾಖಾನೆಗೆ ಅಪ್ಪನೂ ಮಗಳೂ ಹೋದರು. ಅಲ್ಲಿ ನಾಲ್ಕು ಹಾಳೆಯ ಫಾರಮ್ಮು ಕೊಟ್ಟರು. ಅಂಬಿಕಾ ಪೆನ್ನು ಹಿಡಿದು ಎಲ್ಲಾ ತುಂಬುತ್ತಾ ಬಂದವಳು ಒಂದು ಕಡೆ ನಿಂತು ಕೇಳಿದಳು:

“ಅಪ್ಪಾ, ಸಣ್ಣಾಕಿದ್ದಾಗ ನನಗ ಏನರ ಜಡ್ಡು ಇತ್ತೇನು? ಗಾಯ ಮಾಯೂದು ತಡ ಆಗ್ತಿತ್ತೇನು ಅಂತ ಕೇಳ್ಯಾರ ಇಲ್ಲಿ.”

ಮಾಸ್ತರರಿಗೆ ಏನೋ ನೆನಪಾಯಿತು. ಆದರೆ ಬಾಯಿ ರೂಢಿಯ ಬಾಯಿ. “ಏನಿಲ್ಲ ಬರಿ,” ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ ಮಹಾರಾಯರು; ಎದುರಿಗಿದ್ದ ಎಳೆಯ ಡಾಕ್ಟರಿಗೆ ಮೊಬೈಲಿನ ಫೋಟೋ ತೋರಿಸಿದರು. ಹದಿಮೂರರ ಅಂಬಿಕಾ ಬೆನ್ನು ಹಿಂದಕ್ಕೆ ಮಣಿಸಿ, ಎರಡು ಕಾಲಿನ ನಡುವಿನಿಂದ ತಲೆ ಹೊರಹಾಕಿ ನಗುತ್ತಿರುವ ಫೋಟೋ. “ಯೋಗದಾಗ ರಾಜ್ಯಮಟ್ಟಕ್ಕ ಹೋಗಿ ಬಂದಾಕಿರೀ ನನ್ನ ಮಗಳು. ರಬ್ಬರ್ ಇದ್ದಂಗ ಮೈ. ಜಡ್ಡು ಎಲ್ಲಿಂದ ಬರಬೇಕು!” ಡಾಕ್ಟರು ನಕ್ಕು ತಲೆಯಾಡಿಸಿದ. ಅಂಬಿಕಾ ‘ಇಲ್ಲ’ ಅಂತ ಬರೆದು ಸಹಿ ಮಾಡಿದಳು.

ಆಪರೇಶನ್ ಆದ ಮರುದಿನ ಹುಡುಗಿಯ ಮುಖ, ಕತ್ತು, ಎದೆಯ ಮೇಲ್ಭಾಗ ಎಲ್ಲಾ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಎಂಟನೇ ದಿನ ಹೊಲಿಗೆ ಬಿಚ್ಚಿದರೆ ಗಾಯ ಬಾಯಿ ತೆರೆಯಿತು. ಮತ್ತೆ ಹೊಲಿದರು. ದಾರವೇ ಚರ್ಮವನ್ನು ಕೊಯ್ದುಕೊಂಡು ಹೊರಬಂತು. ಮೂರನೇ ಸಲ ಅಂಟುಪಟ್ಟಿ ಹಚ್ಚಿ ಕೂಡಿಸಿದರು. ತಿಂಗಳೆರಡು ಕಳೆಯುವುದರಲ್ಲಿ ಎತ್ತಿದ ತುದಿ ಕುಸಿಯಿತು, ನಡುವೆ ದಿಬ್ಬ ಇದ್ದಲ್ಲಿ ತಗ್ಗು ಬಿತ್ತು, ಹೊಳ್ಳೆಯ ಸುತ್ತ ಈರುಳ್ಳಿ ಪೊರೆಯಂಥ ತೆಳ್ಳನೆ, ಅಗಲ ಕಲೆ ಉಳಿಯಿತು. ಉಸಿರು ಎಳೆದರೆ ಎಡಹೊಳ್ಳೆ ಒಳಕ್ಕೆ ಅಂಟಿಕೊಳ್ಳುತ್ತದೆ. ಆ ಡಾಕ್ಟರು ತನ್ನ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ ಅಂತ ಕೈಚೆಲ್ಲಿದ. ಪಾಪ, ಅವನಿಗೆ ಹೇಳಿದವರು ಯಾರು?

ಊರಿನ ಬಾಯಿಗೆ ಹಬ್ಬವಾಯಿತು. ಜೋಗಮ್ಮ ಸಾಲಗುಂದದಿಂದ ಬಂದು ಹದಿನೈದು ದಿನ ಠಿಕಾಣಿ ಹೂಡಿದಳು; ಕೈಗೆ ಕೆಲಸವಿದ್ದಷ್ಟು ಹೊತ್ತೂ ಬಾಯಿಗೂ ಕೆಲಸ. “ಹಡದವ್ರು ಕೊಟ್ಟ ಮೂಗು ಬ್ಯಾಡಾತು ಈಕಿಗೆ. ದೇವರ ಕೆಲಸದಾಗ ಕೈ ಹಾಕಿದ್ರ ಸುಮ್ಕ ಬಿಡ್ತಾನೇನು?” ಯಮನೂರಮ್ಮ ಬೈಯುವವಳಲ್ಲ. ಆದರೆ ಅಳುವಾಗ ‘ನಿನಗ್ಯಾಕ ಬೇಕಿತ್ತಬೇ ಇದು’ ಅಂತಲೇ ಅಳುತ್ತಿದ್ದಳು. ಬೈದದ್ದಕ್ಕಿಂತ ಅದು ಕಡೆ.

ಅಂಬಿಕಾ ಕಚೇರಿಯಲ್ಲಿ ಜನರ ಎದುರಿನ ಕೌಂಟರು ಬಿಟ್ಟು, ಕೇಳಿಕೊಂಡು ಹಿಂದಿನ ದಾಖಲೆ ಕೋಣೆಗೆ ಹೋದಳು. ಒಂದು ದಿನ ಅವ್ವನಿಗೆ, “ಅತ್ತಿ ಅನ್ನೂದು ಖರೇ ಐತಿ. ನನ್ನ ಸೊಕ್ಕಿಗೆ ನಾನಽ ಉಣ್ಣಾಕತ್ತೀನಿ. ಇನ್ನ ಮ್ಯಾಲೆ ಏನೂ ಬೇಡಂಗಿಲ್ಲ ಬಿಡು,” ಅಂದದ್ದು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ ಮಾಸ್ತರರ ಕಿವಿಗೆ ಬಿತ್ತು. ಪೇಪರು ಹಾಗೇ ಹಿಡಿದುಕೊಂಡು ಒಂದು ತಾಸು ಕೂತಿದ್ದರು, ಒಂದಕ್ಷರ ಓದಲಿಲ್ಲ. ಹುಡುಗಿಯ ತಲೆಯ ಮೇಲಿನ ಈ ತಪ್ಪನ್ನು ಇಳಿಸುವ ಶಕ್ತಿ ಇದ್ದದ್ದು ಲೋಕದಲ್ಲಿ ಅವರೊಬ್ಬರಿಗೇ. ಇಳಿಸಬೇಕಾದರೆ ತಮ್ಮ ತಲೆಯ ಮೇಲೆ ಇಟ್ಟುಕೊಳ್ಳಬೇಕಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅನ್ನುತ್ತಾ ಎಂಟು ತಿಂಗಳು ಕಳೆದಿದ್ದರು.

“ಅಂಬಿಕಾ ಪಂಪಾಪತಿ,” ಅಂತ ನರ್ಸು ಕೂಗಿದಳು.

ಡಾಕ್ಟರಮ್ಮನ ಹೆಸರು ಪದ್ಮಾವತಿ. ಓದಿದ್ದು, ಇರುವುದು ಹೈದರಾಬಾದಾದರೂ ತವರು ರಾಯಚೂರು. ಮಾತಿನಲ್ಲಿ ನಮ್ಮ ಕಡೆಯ ಖಾರ ಹೋಗಿರಲಿಲ್ಲ. ಮೂಗನ್ನು ಒಂದು ಗಳಿಗೆ ನೋಡಿದ್ದೇ ನೋಡಿದ್ದು, ಆಮೇಲೆ ಅದನ್ನು ಬಿಟ್ಟೇಬಿಟ್ಟರು.

“ಹೆಬ್ಬೆಟ್ಟು ಹಿಂಗ ಮಣಿಸ್ರಿ ನೋಡೂಣು.”

ಅಂಬಿಕಾಳ ಹೆಬ್ಬೆರಳು ಬಾಗಿ ಮುಂಗೈಗೆ ತಾಗಿತು. ಕಿರುಬೆರಳು ಹಿಂದಕ್ಕೆ ಲಂಬವಾಗಿ ನಿಂತಿತು. ಮೊಣಕೈ ನೆಟ್ಟಗಾಗಿ, ಇನ್ನೂ ಮುಂದೆ ಹೋಗಿ, ಹಿಂದಕ್ಕೆ ಬಾಗಿತು. ಡಾಕ್ಟರಮ್ಮ ಮೊಣಕೈ ಮೇಲಿನ ಚರ್ಮವನ್ನು ಚಿವುಟಿ ಎಳೆದರೆ ಎರಡು ಬೆರಳು ಉದ್ದ ಬಂತು. ಬಿಟ್ಟರೆ ಹೋಗಿ ಕೂತಿತು.

“ಭುಜ ಸರೀತಾವೇನು?”

“ಆಗೊಮ್ಮೆ ಈಗೊಮ್ಮೆ ಸರೀತಾವ್ರಿ. ನಾನಽ ಕೂಡಿಸ್ಕೋತೀನಿ. ಯೋಗ ಮಾಡಿದವ್ರಿಗೆ ಹಂಗಽ ಆಕೈತಿ ಅಂತ ಅಪ್ಪ ಅಂದಿದ್ರು.”

ಡಾಕ್ಟರಮ್ಮ ಮಾಸ್ತರರ ಕಡೆ ತಿರುಗಿದರು. “ನಿಮ್ಮ ಹೆಬ್ಬೆಟ್ಟು ತೋರಿಸ್ರಿ.” ಮಾಸ್ತರರ ಹೆಬ್ಬೆರಳೂ ಹೋಗಿ ಮುಂಗೈಗೆ ತಾಗಿತು. ಮೈದಾನದಲ್ಲಿ ಹುಡುಗರ ಮುಂದೆ ಎಷ್ಟೋ ಸಲ ಗತ್ತಿನಿಂದ ಮಾಡಿ ತೋರಿಸಿದ್ದ ಆಟ ಅದು. ಇವತ್ತು ಕೈ ಕೆಳಗಿಳಿಸಿ ತೊಡೆಯ ಸಂದಿಗೆ ಇಟ್ಟುಕೊಂಡರು.

“ನೋಡವಾ ಅಂಬಿಕಾ,” ಅಂತ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಹೇಳಿದರು. “ನಮ್ಮ ಮೈಯಾಗ ಚರ್ಮ, ಕೀಲು, ರಕ್ತದ ನಾಳ, ಎಲ್ಲಾನೂ ಬಿಗಿ ಹಿಡಿಯೂ ಒಂದು ನಾರು ಇರ್ತೈತಿ. ನಿನಗ ಆ ನಾರು ಹುಟ್ಟಾಽ ಸಡ್ಲ. ಅದಕ್ಕಽ ಮೈ ಹಂಗ ಮಣೀತೈತಿ, ಅದಕ್ಕಽ ಹೊಲಿಗಿ ಹಿಡೀಲಿಲ್ಲ. ಪರೀಕ್ಷಾ ಮಾಡಿಸಿ ಯಾವ ನಮೂನಿದು ಅಂತ ನೋಡೂಣು, ಎದಿದೂ ಒಂದು ಸ್ಕ್ಯಾನ್ ಆಗ್ಲಿ. ಮನೆತನದಾಗ ಬರ್ತೈತಿ ಇದು, ಯಾರ ತಪ್ಪೂ ಅಲ್ಲ.”

“ಮದ್ಲಽ ಗೊತ್ತಿದ್ರ?” ಅಂತ ಅಂಬಿಕಾ ಕೇಳಿದಳು.

“ಗೊತ್ತಿದ್ರ ಬಾಳ ಡಾಕ್ಟರು ಬ್ಯಾಡಾ ಅಂತಿದ್ರು. ಮಾಡಿದ್ರೂ ಬ್ಯಾರೇ ರೀತಿ ಹೊಲೀತಿದ್ರು, ಹೊಲಿಗಿ ತಡ ಮಾಡಿ ಬಿಚ್ಚತಿದ್ರು. ಇಷ್ಟು ಕೆಡ್ತಿರಲಿಲ್ಲ.” ಹಾಗೆನ್ನುತ್ತಲೇ ಡಾಕ್ಟರಮ್ಮ ಅವಳ ಮೊಣಕಾಲಿನ ಕೀಲಿಗೆ ಬಂದರು. ಚೂಡಿದಾರದ ಪೈಜಾಮ ಮೇಲಕ್ಕೆತ್ತಿಸಿ ನೋಡಿದರು. ಅಲ್ಲೂ ಅದೇ ಕಲೆ, ಅಂಗೈಯಗಲ, ಮಿರಮಿರ ಹೊಳೆಯುವ ಪೊರೆ. “ಇದು ಯಾವಾಗಿಂದು?”

“ಎಂಟನೇ ಕ್ಲಾಸಿನ್ಯಾಗ ಬಿದ್ದಿದ್ದೆರೀ.”

“ಹೊಲಿಗಿ ಹಿಡಿದಿದ್ವೇನು ಆವಾಗ?”

ಅಂಬಿಕಾ ಅಪ್ಪನ ಮುಖ ನೋಡಿದಳು. ಮಾಸ್ತರರು ಅಂದರು, “ಮದ್ಲ ಹಿಡೀಲಿಲ್ರಿ. ಲಿಂಗಸುಗೂರಾಗ ಎರಡನೇ ಸಲ ಹಾಕಿಸಿದ್ವಿ.”

“ಆ ಡಾಕ್ಟರು ಏನೂ ಹೇಳ್ಲಿಲ್ಲೇನು ನಿಮಗ?”

ಇಲ್ಲಿತ್ತು ನೋಡಿ ಬಾಗಿಲು. ತಾನಾಗಿ ತೆರೆದು ನಿಂತಿತ್ತು. ಒಳಗೆ ಕಾಲಿಟ್ಟಿದ್ದರೆ ಮುಗಿಯುತ್ತಿತ್ತು. ಮಾಸ್ತರರು “ಏನೂ ಹೇಳ್ಲಿಲ್ರಿ,” ಅಂದರು.

“ಎಂಥಾ ಡಾಕ್ಟರ್ರೀ ಅವ್ರು!” ಡಾಕ್ಟರಮ್ಮನಿಗೆ ಸಿಟ್ಟೇ ಬಂತು. “ಕಣ್ಣಿಗೆ ಹೊಡಿಯೂವಂಗ ಐತಿ ಗಾಯ. ನೋಡಿ ಸುಮ್ಕ ಕಳ್ಸ್ಯಾರಂದ್ರ ಏನನ್ನಬೇಕು?”

ಮಾಸ್ತರರು ನೆಲ ನೋಡಿದರು. ಲಿಂಗಸುಗೂರಿನ ಆ ಹಾಜಿಸಾಬ ಡಾಕ್ಟರು ತೀರಿಕೊಂಡು ಆರು ವರ್ಷ. ಐದು ರೂಪಾಯಿ ಫೀಸಿನಿಂದ ಶುರು ಮಾಡಿ ಐವತ್ತಕ್ಕೆ ನಿಲ್ಲಿಸಿದ ಮನುಷ್ಯ. ಸತ್ತ ದಿನ ಅರ್ಧ ಲಿಂಗಸುಗೂರು ಅಂಗಡಿ ಮುಚ್ಚಿತ್ತು. ಅಂಥವರ ಹೆಸರಿಗೆ ಇವತ್ತು ಮಸಿ ಬಳಿದದ್ದೂ ಇವರ ಬಾಯಿಯೇ.

ಹದಿನಾಲ್ಕು ವರ್ಷದ ಹಿಂದಿನ ಮಾತು. ರಾಜ್ಯಮಟ್ಟದ ಯೋಗ ಸ್ಪರ್ಧೆಗೆ ಇಪ್ಪತ್ತು ದಿನ ಇತ್ತು. ಅಂಬಿಕಾ ಶಾಲೆಯ ಮೆಟ್ಟಿಲ ಮೇಲೆ ಬಿದ್ದಳು. ಮಸ್ಕಿಯಲ್ಲಿ ಹಾಕಿಸಿದ ಹೊಲಿಗೆ ಮೂರೇ ದಿನಕ್ಕೆ ಹರಿದಾಗ ಲಿಂಗಸುಗೂರಿಗೆ ಕರೆದುಕೊಂಡು ಓಡಿದರು. ಹಾಜಿಸಾಬರು ಹುಡುಗಿಯನ್ನು ಹೊರಗೆ ಕೂರಿಸಿ, ಇವರನ್ನು ಒಳಗೆ ಕರೆದು, ಕನ್ನಡಕದ ಮೇಲಿನಿಂದ ನೋಡುತ್ತಾ ಹೇಳಿದ್ದರು:

“ಮಾಸ್ತರ್ ಸಾಬ್, ಈ ಕೂಸಿನ ಚರ್ಮ ಮಾಮೂಲು ಚರ್ಮ ಅಲ್ಲ. ಸೂಜಿ ಚುಚ್ಚಿದಲ್ಲೇ ಹರೀತದ. ಮೂಗು ಹರಿದದ್ದೂ ಇದಕ್ಕೇ. ಇದು ನೀವು ಕಲಿಸಿದ ಯೋಗದಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ದೊಡ್ಡ ದವಾಖಾನಿಗೆ ತೋರಸ್ರಿ. ಅಲ್ಲೀ ತನಕ ಮೈ ಮಣಿಸೋ ಆಟ ಬಂದ್. ಮುಂದ ಯಾವ ಆಪರೇಶನ್ ಆದ್ರೂ ಮೊದಲು ಈ ಚೀಟಿ ತೋರಸ್ರಿ. ಮರೀಬ್ಯಾಡ್ರಿ.”

ಮಾಸ್ತರರಿಗೆ ನಾಟಿದ್ದು ‘ನೀವು ಕಲಿಸಿದ ಯೋಗದಿಂದ ಬಂದದ್ದಲ್ಲ’ ಅನ್ನುವ ಒಂದೇ ಮಾತು. ಆರು ವರ್ಷ ಬೆಳಗಿನ ಐದಕ್ಕೆ ಎಬ್ಬಿಸಿ, ಬೈದು, ಮುದ್ದು ಮಾಡಿ ತಾನು ತಿದ್ದಿದ ಮೈ ಅದು ಅಂತ ಅವರ ನಂಬಿಕೆ. ಮಸ್ಕಿಯಿಂದ ಅದುವರೆಗೆ ಒಂದು ಕೂಸೂ ರಾಜ್ಯಮಟ್ಟಕ್ಕೆ ಹೋಗಿರಲಿಲ್ಲ. ಪೇಪರಿನಲ್ಲಿ ‘ಪಂಪಾಪತಿ ಮಾಸ್ತರರ ಗರಡಿ’ ಅಂತ ಬಂದಿತ್ತು. ಈಗ ಇವನ್ಯಾರೋ ಅದನ್ನು ಜಡ್ಡು ಅನ್ನುತ್ತಾನೆ! ಚೀಟಿಯನ್ನು ಮಡಿಚಿ ಬಿಳಿ ಪ್ಯಾಂಟಿನ ಕಿಸೆಗಿಟ್ಟರು. ಸ್ಪರ್ಧೆ ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡರು. ಹರಿದು ಎಸೆಯಲು ಧೈರ್ಯ ಬರಲಿಲ್ಲ. ರಾತ್ರಿ ಪ್ಯಾಂಟು ಬಿಚ್ಚಿ, ಕಿಸೆ ಖಾಲಿ ಮಾಡದೆ, ಒಗೆಯುವ ಬಟ್ಟೆಯ ರಾಶಿಗೆ ಹಾಕಿದರು. ಯಮನೂರಮ್ಮ ಕಿಸೆ ನೋಡಿ ಒಗೆಯುವವಳಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ಪ್ಯಾಂಟು ಒಣಗಿದ ಮೇಲೆ ಕೈ ಹಾಕಿದರೆ ಒಂದು ಹಿಡಿ ನಾರುನಾರು ಕಾಗದ ಸಿಕ್ಕಿತು. ‘ಅಯ್ಯೋ’ ಅಂದರು, ತಮಗೆ ತಾವೇ ಕೇಳುವ ಹಾಗೆ.

ಅಂಬಿಕಾ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಸ್ಪರ್ಧೆಗೆ ಹೋದಳು. ಆಮೇಲೆ ಯಾರೂ ಏನೂ ನೋಡಲಿಲ್ಲ. ಗಾಯ ಮಾಯಿತು, ಮರೆತುಹೋಯಿತು. ಮರೆತುಹೋಯಿತು ಅನ್ನುವುದು ಸುಳ್ಳು.

ದವಾಖಾನೆಯಿಂದ ಹೊರಬಿದ್ದಾಗ ಮಧ್ಯಾಹ್ನ ಎರಡು. ಬತ್ತದ ಸೀಸನ್ನು; ರೋಡಿನ ತುಂಬ ಮಿಲ್ಲಿಗೆ ಹೊರಟ ಟ್ರ್ಯಾಕ್ಟರು, ನಡುವೆ ತೂರುವ ಆಟೋ, ಗಾಳಿಯಲ್ಲಿ ತೌಡಿನ ಧೂಳು. ಅಂಬಿಕಾ ಮಾಸ್ಕಿನ ಮೇಲೆ ಓಢಣಿಯನ್ನೂ ಹಿಡಿದುಕೊಂಡಳು. ಲಿಂಗಸುಗೂರಿನ ಬಸ್ಸು ನಿಂತಿತ್ತು. ಮಸ್ಕಿ ದಾರಿಯಲ್ಲೇ ಸಿಗುತ್ತದೆ. ಅವಳು ಕಿಟಕಿಗೆ, ಇವರು ಪಕ್ಕಕ್ಕೆ ಕೂತರು.

ಊರು ದಾಟಿ ಬಸ್ಸು ಓಟ ಹಿಡಿದ ಮೇಲೆ ಅಂಬಿಕಾ ಮೆಲ್ಲಗೆ ಅಂದಳು:

“ಅಪ್ಪಾ, ಡಾಕ್ಟರಮ್ಮ ಯಾರ ತಪ್ಪೂ ಅಲ್ಲ ಅಂದ್ರು. ಆದ್ರ ನನಗ ಹಂಗ ಅನಸವಲ್ದು. ಮೂಗುತಿ ಹಾಕಿದ್ರ ಮೂಗು ಹರೀತು. ಬಿದ್ರ ಕಾಲು ಹರೀತು. ಕಣ್ಣೆದುರಿಗಽ ಇತ್ತು, ನಾ ತಿಳ್ಕೊಳ್ಲಿಲ್ಲ. ಚಂದ ಕಾಣಬೇಕು ಅನ್ನೂ ಹುಚ್ಚಿನಾಗ ಕಣ್ಣು ಮುಚ್ಚಿಹೋಗಿತ್ತು. ಫಾರಮ್ಮಿನ್ಯಾಗ ಇಲ್ಲ ಅಂತ ಬರದಾಕಿ ನಾನಽ ಅಲ್ಲೇನು?”

ಹುಡುಗಿ ಯಾರನ್ನೂ ಬೈಯಲಿಲ್ಲ. ತನ್ನ ಮೈಯನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸಿ ತಾನೇ ಶಿಕ್ಷೆ ಬರೆದುಕೊಂಡು ಕೂತಿದ್ದಳು. ಇನ್ನೂ ಸುಮ್ಮನಿದ್ದರೆ ತಾನು ಅಪ್ಪನಲ್ಲ, ಮನುಷ್ಯನೂ ಅಲ್ಲ ಅನ್ನಿಸಿತು.

“ನೀ ಬರೆದದ್ದಲ್ಲಬೇ,” ಅಂದರು. “ನಾ ಬರಸಿದ್ದು.”

ಆಮೇಲೆ ಎಲ್ಲಾ ಹೇಳಿದರು. ಹಾಜಿಸಾಬರು ಒಳಗೆ ಕರೆದದ್ದು, ಅಂದದ್ದು, ಚೀಟಿ ಕೊಟ್ಟದ್ದು, ಪ್ಯಾಂಟಿನ ಕಿಸೆ, ಒಗೆದ ನೀರು. ಒಂದು ಮಾತನ್ನೂ ಸಿಂಗರಿಸಲಿಲ್ಲ. “ಇವತ್ತೂ ಆ ಡಾಕ್ಟರಮ್ಮನ ಮುಂದ ಸುಳ್ಳು ಹೇಳಿದೆ. ಸತ್ತವನ ಮ್ಯಾಲೆ ಹಾಕಿದೆ,” ಅಂದು ಮುಗಿಸಿದರು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಮಾಸ್ತರರ ಮುಖ ಕಂಡವಳೇ ಮತ್ತೆ ಮುಂದಕ್ಕೆ ತಿರುಗಿದಳು.

ಅಂಬಿಕಾ ಕಿಟಕಿಯ ಕಡೆ ತಿರುಗಿ ಕೂತಳು. ಬೈದಿದ್ದರೆ, ಬಡಿದಿದ್ದರೆ ಚೆನ್ನಾಗಿತ್ತು. ಬಸ್ಸು ಕಾಲುವೆ ದಾಟಿತು, ಬತ್ತದ ಗದ್ದೆ ಮುಗಿದು ಮಸ್ಕಿಯ ಕಡೆಯ ಕಲ್ಲುಗುಡ್ಡಗಳು ಕಾಣಿಸಿದವು. ಅವಳು ಓಢಣಿ ತೆಗೆದಳು. ಆಮೇಲೆ ಮಾಸ್ಕನ್ನೂ ತೆಗೆದು, ಮಡಿಚಿ, ಪರ್ಸಿಗೆ ಹಾಕಿಕೊಂಡಳು. ಎಂಟು ತಿಂಗಳ ಮೇಲೆ ಹಗಲು ಬೆಳಕಿನಲ್ಲಿ ಆ ಮೂಗನ್ನು ಮಾಸ್ತರರು ಹತ್ತಿರದಿಂದ ನೋಡಿದ್ದು ಅಂದೇ.

“ಅವ್ವ ದಿನಾ ಅಳಾಕತ್ತಿದ್ಲು,” ಅಂದಳು. “ಅತ್ತಿ ದಿನಾ ಅಂತಿದ್ಲು. ನೀ ಅಲ್ಲೇ ಪಡಸಾಲ್ಯಾಗ ಕುಂತಿದ್ದಿ.”

“ಹೌದು.”

“ಎಂಟು ತಿಂಗಳು, ಅಪ್ಪಾ.”

ಮಸ್ಕಿ ಬಂತು. ಮಾಸ್ತರರು ಎದ್ದು ಫೈಲಿನ ಚೀಲ ಕೈಗೆತ್ತಿಕೊಂಡು, “ಬಾ ತಾಯಿ,” ಅಂದರು. ಅಂಬಿಕಾ ಏಳಲಿಲ್ಲ. ಚೀಲವನ್ನು ಅವರ ಕೈಯಿಂದ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

“ನೀ ಇಳಿ. ನಾ ಲಿಂಗಸುಗೂರಿಗೆ ಹೋಗ್ತೀನಿ, ಜ್ಯೋತಿ ರೂಮಿಗೆ. ಅವ್ವನ ಮುಂದ ನೀನಽ ಹೇಳು. ಅತ್ತಿ ಮುಂದೂ ಹೇಳು. ಡಾಕ್ಟರಮ್ಮಗ ಮುಂದಿನ ತಿಂಗಳು ನಾ ಹೇಳ್ತೀನಿ, ಹಾಜಿಸಾಬ ಡಾಕ್ಟರ್ದು ತಪ್ಪಿರಲಿಲ್ಲ ಅಂತ.”

“ಮನಿಗೆ ಯಾವಾಗ ಬರ್ತೀ?”

“ಗೊತ್ತಿಲ್ಲ.”

“ಜಲ್ದಿ ಇಳೀರಿ ಮಾಸ್ತರ,” ಅಂತ ಕಂಡಕ್ಟರ್ ಬಾಗಿಲು ಬಡಿದ. ಮಾಸ್ತರರು ಇಳಿದರು. ಇಳಿದು ಅವಳ ಕಿಟಕಿಯ ಕೆಳಗೆ ಬಂದು ನಿಂತರು. ಬಸ್ಸು ಗುರ್ರೆನ್ನುತ್ತಿತ್ತು. ಅಂಬಿಕಾ ಗಾಜು ಸರಿಸಿ ತಲೆ ಹೊರಗೆ ಹಾಕಿದಳು. ಏನೋ ಬಿಟ್ಟುಹೋಯಿತೇನೋ, ಕರೆಯುತ್ತಾಳೇನೋ ಅಂತ ಮಾಸ್ತರರು ಕತ್ತೆತ್ತಿದರು.

“ಅಪ್ಪಾ, ಆ ಸಲ ಯೋಗದಾಗ ನಾ ಎಷ್ಟನೇ ನಂಬರ್ ಬಂದಿದ್ದೆ?”

ಅವಳಿಗೆ ಗೊತ್ತಿರಲಿಲ್ಲ. ಹಲಗೆಯ ಮೇಲೆ ಹಚ್ಚಿದ್ದ ಪಟ್ಟಿಯನ್ನು ನೋಡಿದವರು ಮಾಸ್ತರರೊಬ್ಬರೇ. ಇಪ್ಪತ್ತೆರಡು ಹುಡುಗಿಯರ ಪಟ್ಟಿ. ನೋಡಿ ಬಂದು, ‘ಇಲ್ಲೀ ತನಕ ಬಂದ್ವೆಲ್ಲ, ಅದಽ ದೊಡ್ಡದು’ ಅಂದು ಐಸ್‌ಕ್ರೀಮು ಕೊಡಿಸಿದ್ದರು.

“ಹದಿನೇಳು,” ಅಂದರು.

ಎಂಜಿನ್ನಿನ ಸದ್ದಿಗೆ ಅವಳಿಗೆ ಕೇಳಲಿಲ್ಲ. ಕಿವಿಯ ಹತ್ತಿರ ಕೈ ಇಟ್ಟು ಮತ್ತೆ ಕೇಳಿದಳು. ಬಸ್ಸು ಮುಂದಕ್ಕೆ ಚಲಿಸಿತು. ಮಾಸ್ತರರು ಅದರ ಜೊತೆ ನಾಲ್ಕು ಹೆಜ್ಜೆ ಓಡಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು:

“ಹದಿನೇಳು!”

ಈ ಸಲ ಅವಳಿಗೆ ಕೇಳಿಸಿತು. ಅವಳು ತಲೆ ಒಳಗೆಳೆದುಕೊಂಡು ಗಾಜು ಮುಚ್ಚಿದಳು.